ಇಂಗ್ಲಿಷ್‌ನಲ್ಲಿ ಎಲ್ಲಿ ‘ಮೋರ್’, ಎಲ್ಲಿ ‘ಇಆರ್’? ಪಟ್ಟಿ ಬಾಯಿಪಾಠ ಮಾಡಿದರೆ ಸಾಕಾ?

ಪಟ್ಟಿ ನನಗೂ ಬಾಯಿಪಾಠ ಇತ್ತು. ಗುಡ್-ಬೆಟರ್-ಬೆಸ್ಟ್, ಬ್ಯಾಡ್-ವರ್ಸ್-ವರ್ಸ್ಟ್, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆದರೂ ಗ್ರಾಮರಿನಲ್ಲಿ ಮಾರ್ಕ್ಸ್ ಹೋಗಿದ್ದೇ ಇಲ್ಲ.

ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ಮೈಸೂರಿಗೆ ಬಸ್ಸು ಒಳ್ಳೆಯದಾ, ರೈಲಾ, ಗಿರಾಕಿಗೆ ಹೇಳೋ ಹಾಗೆ ಇಂಗ್ಲಿಷಿನಲ್ಲಿ ಹೇಳಿ ಅಂದರು. ‘ಟ್ರೈನ್ ಈಸ್ ಮೋರ್ ಚೀಪರ್’ ಅಂದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು ‘ಮೋರ್ ಚೀಪರ್?’ ಅಂತ ಕೇಳಿದರು. ರೇಟು ತಪ್ಪು ಹೇಳಿದೆನೇನೋ ಅಂದುಕೊಂಡೆ. ಪ್ಯಾಸೆಂಜರ್ ರೈಲಿನ ಟಿಕೆಟ್ ಎಷ್ಟು ಕಮ್ಮಿ ಅಂತ ವಿವರಿಸುತ್ತಾ ಅದನ್ನೇ ಇನ್ನೂ ಎರಡು ಸಲ ಹೇಳಿದೆ. ಕೆಲಸ ಸಿಗಲಿಲ್ಲ.

ತಿಂಗಳುಗಟ್ಟಲೆ ಅದೇ ಯೋಚನೆ. ಚೀಪ್-ಚೀಪರ್-ಚೀಪೆಸ್ಟ್ ನನಗೆ ಗೊತ್ತಿತ್ತು, ಅಲ್ವಾ? ಮತ್ತೆ ತಪ್ಪಿದ್ದು ಎಲ್ಲಿ? ತಲೆಯೊಳಗೆ ಓಡುತ್ತಿದ್ದ ಕನ್ನಡದಲ್ಲಿ. ನಾವು ‘ರೈಲು ಬಸ್ಸಿಗಿಂತ ಅಗ್ಗ’ ಅಂತೀವಿ. ಹೋಲಿಸೋ ಕೆಲಸವೆಲ್ಲ ‘ಗಿಂತ’ದ್ದು, ಅದು ಬಸ್ಸಿಗೆ ಅಂಟಿಕೊಂಡಿರುತ್ತೆ. ‘ಅಗ್ಗ’ ಒಂದಕ್ಷರವೂ ಬದಲಾಗಲ್ಲ. ಒತ್ತಿ ಹೇಳಬೇಕಾದರೆ ‘ಇನ್ನೂ ಅಗ್ಗ’ ಅಂತೀವಿ. ಇನ್ನೂ ಅಂದರೆ ಮೋರ್, ಅಗ್ಗ ಅಂದರೆ ಚೀಪರ್ ಅಂತ ಜೋಡಿಸಿಬಿಟ್ಟಿದ್ದೆ ನಾನು. ಕೆಲವರು ‘ಚೀಪ್ ದ್ಯಾನ್ ಬಸ್’ ಅನ್ನೋದೂ ಇದೇ ಗೊಂದಲದಿಂದ. ದ್ಯಾನ್ ಅನ್ನೋದನ್ನೇ ‘ಗಿಂತ’ ಅಂದುಕೊಂಡು ಚೀಪನ್ನು ಹಾಗೇ ಬಿಡುತ್ತಾರೆ.

ಇಂಗ್ಲಿಷಿನಲ್ಲಿ ಚೀಪ್ ಥರದ ಪದಕ್ಕೂ ಹೋಲಿಕೆಯ ಗುರುತು ಬೀಳಬೇಕು, ಆದರೆ ಒಂದೇ ಸಲ. ಪದದ ಕೊನೆಗೆ ‘ಇಆರ್’ ಅನ್ನೋ ಬಾಲ ಬಂದರೆ ಮುಂದೆ ಮೋರ್ ಬೇಡ. ಚೀಪ್, ಟಾಲ್ ಥರ ಗಿಡ್ಡ ಪದಕ್ಕೆ ಬಾಲ. ಹ್ಯಾಪಿ, ಈಸಿ ಥರ ‘ವೈ’ ಅಕ್ಷರದಲ್ಲಿ ಮುಗಿಯೋದಕ್ಕೂ ಬಾಲವೇ. ಎಕ್ಸ್‌ಪೆನ್ಸಿವ್, ಬ್ಯೂಟಿಫುಲ್ ಥರ ಉದ್ದದ್ದಕ್ಕೆ ಮೋರ್. ಬೆಟರ್, ವರ್ಸ್ ಆಗಲೇ ಬದಲಾಗಿ ಬಂದಿರುತ್ತವೆ, ಅವುಗಳ ಮುಂದೆ ಮೋರ್ ಹಾಕಲೇಬಾರದು.

ಹಾಗಾಗಿ ಸುಮ್ನೆ ಪಟ್ಟಿ ಉರು ಹೊಡೆಯಬೇಡಿ. ನಿಮ್ಮ ‘ಇನ್ನೂ’ಗೆ ಬೇರೆ ಜಾಗ ಕೊಡಿ. ಹೋಲಿಸುವಾಗ ಬಾಯಿಗೆ ‘ಇನ್ನೂ’ ಬಂದರೆ ‘ಈವನ್’ ಅನ್ನಿ, ‘ತುಂಬಾ’ ಬಂದರೆ ‘ಮಚ್’ ಅನ್ನಿ. ಈವನ್ ಚೀಪರ್, ಮಚ್ ಚೀಪರ್. ‘ವೆರಿ ಚೀಪರ್’ ಕೂಡ ತಪ್ಪು. ನಾನು ಇದನ್ನು ರೂಢಿ ಮಾಡಿಕೊಂಡಿದ್ದು ತರಕಾರಿ ಅಂಗಡಿ ಮುಂದೆ ನಿಂತು. ಬೋರ್ಡಿನ ರೇಟು ನೋಡಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ: ಕ್ಯಾರೆಟ್ಸ್ ಆರ್ ಚೀಪರ್ ದ್ಯಾನ್ ಬೀನ್ಸ್. ಬೀನ್ಸ್ ಆರ್ ಮೋರ್ ಎಕ್ಸ್‌ಪೆನ್ಸಿವ್ ದ್ಯಾನ್ ಕ್ಯಾರೆಟ್ಸ್. ಕ್ಯಾಬೇಜ್ ಈಸ್ ಈವನ್ ಚೀಪರ್.