‘ಮುಖ ಮತ್ತು ಶಿಲುಬೆ’ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ‘ಸ್ಥಳಾವಕಾಶ ಇಲ್ಲ’ ಅಂತ ಸುಮ್ನೆ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಾಲ್ಕನೇ ಪುಟ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಈ ಉದ್ದ ಪತ್ರ.

ನೀವು ಮೂರು ವರ್ಷ ಚೀನಾದ ಹಾಂಗ್‌ಝೌನಲ್ಲಿ ಕೆಲಸ ಮಾಡಿದವರು. ನಿಮ್ಮ ವಾದ ಇಷ್ಟು: ಪಶ್ಚಿಮದವರು ತಪ್ಪಿಗೆ ಹೆದರುತ್ತಾರೆ, ಚೀನೀಯರು ‘ನಾಲ್ಕು ಜನ ಏನಂದಾರು’ ಅಂತ ಹೆದರುತ್ತಾರೆ, ಕ್ರಿಸ್ತನ ಮೇಲಿನ ನಂಬಿಕೆ ಅವರನ್ನು ಆ ನಾಚಿಕೆಯಿಂದ ಬಿಡಿಸುತ್ತದೆ. ಎಂಟು ಪುಟವೂ ಇದೇ. ನಡುವೆ, ಆ ನಾಲ್ಕನೇ ಪುಟದಲ್ಲಿ, ಎರಡೇ ಸಾಲಿನಲ್ಲಿ ನಿಮ್ಮ ಸಹೋದ್ಯೋಗಿ ಬಂದು ಹೋಗುತ್ತಾಳೆ. ಕ್ರೈಸ್ತಳಾದ ಮೇಲೆ ಬಂದ ಮೊದಲ ಚಿಂಗ್‌ಮಿಂಗ್ ಹಬ್ಬದಲ್ಲಿ, ಅಂದರೆ ಹಿರಿಯರ ಸಮಾಧಿಗೆ ಹೋಗಿ ನಮಿಸುವ ದಿನ, ಅಜ್ಜನ ಸಮಾಧಿ ಮುಂದೆ ಅವಳು ತಲೆ ಬಾಗಿಸಲಿಲ್ಲ. ಅಪ್ಪ ಆರು ತಿಂಗಳು ಮಾತು ಬಿಟ್ಟ. ಅಷ್ಟೇ. ಮುಂದಿನ ಸಾಲಿಗೇ ನೀವು ಸಿದ್ಧಾಂತಕ್ಕೆ ವಾಪಸ್! ಓದುಗನನ್ನು ಮನೆ ಬಾಗಿಲ ತನಕ ಕರೆದೊಯ್ದು ಕದ ಹಾಕಿಕೊಂಡ ಹಾಗಾಯಿತು.

ಮೊದಲು ಆ ಸಿದ್ಧಾಂತದ ಮಾತು. ನಾಚಿಕೆಯ ಸಂಸ್ಕೃತಿ, ತಪ್ಪಿನ ಸಂಸ್ಕೃತಿ ಅನ್ನುವ ಜೋಡಿ ಹೆಸರು ಮಾಡಿದ್ದು 1946ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ ಬರೆದ ಪುಸ್ತಕದಿಂದ. ಅದು ಜಪಾನಿನ ಬಗ್ಗೆ. ಜಪಾನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು, ಚೀನಾಕ್ಕೆ ತೊಡಿಸಿದರೆ ತೋಳು ಎಳೆಯುತ್ತದೆ. ಅದಕ್ಕೂ ಎರಡು ವರ್ಷ ಮೊದಲು, 1944ರಲ್ಲಿ, ಹು ಶಿಯೆನ್‌ಚಿನ್ ಎಂಬ ಚೀನೀ ಮಾನವಶಾಸ್ತ್ರಜ್ಞೆ ‘ಮುಖ’ದಲ್ಲಿ, ಅಂದರೆ ನಾಲ್ವರ ಮುಂದಿನ ಮರ್ಯಾದೆಯಲ್ಲಿ, ಎರಡು ಬಗೆ ಇದೆ ಅಂತ ಬಿಡಿಸಿ ತೋರಿಸಿದ್ದರು. ಮಿಯೆನ್‌ತ್ಸು ಮತ್ತು ಲಿಯೆನ್. ನಮಗೆ ಇದು ಕಷ್ಟವೇ ಅಲ್ಲ. ಮಗಳ ಮದುವೆಗೆ ಎರಡು ಸಾವಿರ ಜನರನ್ನು ಕರೆಯುವುದು ಪ್ರತಿಷ್ಠೆ, ಅದು ಮಿಯೆನ್‌ತ್ಸು. ಸಾಲ ತೀರಿಸದೆ ರಾತ್ರೋರಾತ್ರಿ ಊರು ಬಿಟ್ಟರೆ ಹೋಗುವುದು ಮಾನ, ಅದು ಲಿಯೆನ್. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ನಿಮ್ಮ ಸಹೋದ್ಯೋಗಿಯ ಅಪ್ಪ ಕಳೆದುಕೊಂಡದ್ದು ಯಾವುದು? ಅಲ್ಲೇ ಇರುವುದು ವಿಷಯ, ಅಲ್ವಾ?

ಇನ್ನೊಂದು ದೊಡ್ಡ ತೊಡಕು. ನಾಚಿಕೆಯನ್ನು ನೀವು ಕಾಯಿಲೆ ಥರ ಬರೆದಿದ್ದೀರಿ. ಚೀನೀ ಚಿಂತನೆಯಲ್ಲಿ ಅದು ಹಾಗಿಲ್ಲ. ಶಿಕ್ಷೆಯ ಭಯದಿಂದ ಆಳಿದರೆ ಜನ ತಪ್ಪಿಸಿಕೊಳ್ಳಲು ನೋಡುತ್ತಾರೆ, ಒಳ್ಳೆಯ ನಡತೆಯಿಂದ ಆಳಿದರೆ ಅವರಲ್ಲಿ ನಾಚಿಕೆ ಹುಟ್ಟುತ್ತದೆ ಅಂದವನು ಕನ್ಫ್ಯೂಷಿಯಸ್. ನಾಚುವ ಮನಸ್ಸೇ ನ್ಯಾಯದ ಮೊಳಕೆ ಅಂದವನು ಅವನ ದಾರಿಯಲ್ಲೇ ಬಂದ ಚಿಂತಕ ಮೆನ್ಸಿಯಸ್. ಹೀಗಿರುವಾಗ ‘ನಂಬಿಕೆ ನಾಚಿಕೆಯನ್ನು ಬಿಡಿಸುತ್ತದೆ’ ಅಂದರೆ ಅಲ್ಲಿನ ಅಜ್ಜಿಗೆ ಏನು ಕೇಳಿಸುತ್ತದೆ? ‘ನಾಚಿಕೆ ಬಿಟ್ಟವಳು’ ಅನ್ನುವುದು ನಮ್ಮೂರಲ್ಲೂ ಹೊಗಳಿಕೆ ಅಲ್ಲ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಮತ್ತೆ ನೋಡಿ. ಅಲ್ಲಿ ಯೇಸುವಿಗೆ ಅವಮಾನ ಆಗಲೇ ಇಲ್ಲ ಅಂತಿಲ್ಲ. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಂತಿದೆ. ಮಾನದ ಪ್ರಶ್ನೆ ಹಾಗೇ ಉಳಿಯುತ್ತದೆ, ಯಾರ ಕಣ್ಣಲ್ಲಿ ಮಾನ ಅನ್ನುವುದು ಬದಲಾಗುತ್ತದೆ. ನಿಮ್ಮ ಲೇಖನ ಹುಡುಕುತ್ತಿದ್ದದ್ದು ಇದನ್ನೇ ಅಂತ ನನ್ನ ಊಹೆ.

ಈಗ ಒಂದು ಪದ. ಚೀನೀ ಬೈಬಲಿನ ‘ತ್ಸುಯ್’ ಅನ್ನು ನೀವು ಎಲ್ಲೆಡೆ ‘ಪಾಪ’ ಮಾಡಿದ್ದೀರಿ. ತಪ್ಪಲ್ಲ, ಆದರೆ ಗಂಟು ಮುಚ್ಚಿಹೋಗುತ್ತದೆ. ಆ ಪದಕ್ಕೆ ಅಪರಾಧ ಅಂತಲೂ ಅರ್ಥ ಇದೆ. ‘ನೀನು ತ್ಸುಯ್ ಮಾಡಿದವನು’ ಅಂದರೆ ‘ನಾನೇನು ಜೈಲಿಗೆ ಹೋಗಿ ಬಂದೆನಾ?’ ಅಂತ ಕೇಳುತ್ತಾರೆ. ನಮ್ಮ ‘ಪಾಪ’ದಲ್ಲಿ ಆ ಪೆಟ್ಟಿಲ್ಲ. ಬಿದ್ದ ಮಗುವನ್ನು ಕಂಡರೂ ನಾವು ‘ಅಯ್ಯೋ ಪಾಪ’ ಅಂತೀವಿ.

‘ನ್ಯಾಯ’ದ ಚೀನೀ ಅಕ್ಷರದಲ್ಲಿ ಮೇಲೆ ಕುರಿ, ಕೆಳಗೆ ‘ನಾನು’ ಇದೆ, ಅದು ದೇವರ ಕುರಿಮರಿಯ ಗುರುತು ಅನ್ನುವ ಪ್ಯಾರಾ ತೆಗೆದುಬಿಡಿ. ಪ್ರಸಂಗದಲ್ಲಿ ಚಪ್ಪಾಳೆ ಬರುತ್ತದೆ, ನಿಜ. ಆದರೆ ಆ ‘ನಾನು’ ಮೂಲದಲ್ಲಿ ಒಂದು ಆಯುಧದ ಚಿತ್ರ. ಈಗ ಚೀನಾದಲ್ಲಿ ಬಳಸುವ ಸರಳ ಲಿಪಿಯಲ್ಲಂತೂ ಕುರಿಯೇ ಇಲ್ಲ.

ಆ ಜಾಗದಲ್ಲಿ ಒಂದು ಜಗಳದ ಕಥೆ ತನ್ನಿ. 1601ರಲ್ಲಿ ಬೀಜಿಂಗ್ ಸೇರಿದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಮತ್ತೆಯೊ ರಿಚ್ಚಿ, ಹಿರಿಯರಿಗೆ ತಲೆಬಾಗುವುದು ಗೌರವ, ಪೂಜೆ ಅಲ್ಲ ಅಂದುಕೊಂಡಿದ್ದ. ಬೇರೆ ಪಾದ್ರಿಗಳು ಒಪ್ಪಲಿಲ್ಲ. 1692ರಲ್ಲಿ ಕಾಂಗ್‌ಶಿ ಚಕ್ರವರ್ತಿ ಕ್ರೈಸ್ತರಿಗೆ ಅನುಮತಿ ಕೊಟ್ಟಿದ್ದ. 1715ರಲ್ಲಿ ಪೋಪ್ ಆ ಆಚರಣೆಗಳಿಗೆ ನಿಷೇಧ ಹಾಕಿದರು. ಚಕ್ರವರ್ತಿ ಸಿಟ್ಟಾಗಿ 1721ರಲ್ಲಿ ಕ್ರೈಸ್ತ ಬೋಧನೆಯನ್ನೇ ನಿಲ್ಲಿಸಿ ಅಂದ. ರೋಮ್ ಸಡಿಲಿಸಿದ್ದು 1939ರಲ್ಲಿ. ಪ್ರೊಟೆಸ್ಟೆಂಟರಲ್ಲಿ ಎಷ್ಟೋ ಜನ ಇಂದಿಗೂ ಬಾಗುವುದಿಲ್ಲ. ಹೂವಿಟ್ಟು, ಕಸ ಗುಡಿಸಿ, ಪ್ರಾರ್ಥನೆ ಮಾಡಿ ಬರುತ್ತಾರೆ. ‘ಒಬ್ಬ ಕ್ರೈಸ್ತ ಹೆಚ್ಚಾದರೆ ಒಬ್ಬ ಚೀನೀಯ ಕಡಿಮೆ’ ಅನ್ನುವ ಮಾತು ಅಲ್ಲಿ ಸುಮ್ನೆ ಹುಟ್ಟಲಿಲ್ಲ. ನಿಮ್ಮ ಸಹೋದ್ಯೋಗಿ ಆ ಬೆಳಿಗ್ಗೆ ನಿಂತಿದ್ದು ಈ ಜಗಳದ ನಡುವೆಯೇ.

ನೀವು ಕೊನೆಯಲ್ಲಿ ಹೆಸರಿಸಿದ ಬೀಜಿಂಗಿನ ಬೋಧಕ ವಾಂಗ್ ಮಿಂಗ್‌ದಾವ್ ಬಗ್ಗೆಯೂ ಒಂದು ಮಾತು. ‘ಧೀರ’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ. ಸರ್ಕಾರ ಅವರನ್ನು ಬಂಧಿಸಿದ್ದು 1955ರಲ್ಲಿ. ತಪ್ಪೊಪ್ಪಿಗೆ ಓದಿ ಮರುವರ್ಷ ಹೊರಬಂದರು. ಆಮೇಲೆ ಆ ತಪ್ಪೊಪ್ಪಿಗೆಯೇ ಅವರನ್ನು ತಿಂದುಹಾಕಿತು. ಯೇಸುವನ್ನು ಅಲ್ಲಗಳೆದ ಪೇತ್ರನ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ಕೊರಗಿದರು. ಮತ್ತೆ ಜೈಲು ಸೇರಿ ಹೊರಬಂದದ್ದು 1980ರಲ್ಲಿ. ಜನರ ಮುಂದೆ ಮಾನ ಉಳಿದಾಗ ಒಳಗೆ ನಾಚಿಕೆ, ಜನರ ಮುಂದೆ ಕೈದಿಯಾದಾಗ ಒಳಗೆ ನೆಮ್ಮದಿ. ನಿಮ್ಮ ಎಂಟು ಪುಟಕ್ಕಿಂತ ಜಾಸ್ತಿ ಹೇಳುವ ಬದುಕು ಇದು. ಆದರೂ ಇದಕ್ಕೆ ಒಂದೇ ಪ್ಯಾರಾ ಕೊಡಿ, ಇಲ್ಲದಿದ್ದರೆ ಆ ಹುಡುಗಿಯನ್ನು ನುಂಗಿಬಿಡುತ್ತದೆ.

ಅವಳಿಗೆ ಫೋನ್ ಮಾಡಿ. ಮನೆಯವರೆಲ್ಲ ಬಾಗಿದಾಗ ಅವಳ ಕೈ ಎಲ್ಲಿತ್ತು? ಊದುಬತ್ತಿ ಹಿಡಿಯಲು ಯಾರಾದರೂ ಕೊಟ್ಟರಾ? ಕಾಗದದ ಹಣ ಸುಡುವಾಗ ಪಕ್ಕದಲ್ಲಿ ನಿಂತಿದ್ದಳೋ, ದೂರ ಹೋದಳೋ? ವಾಪಸ್ ಬರುವಾಗ ಕಾರಿನಲ್ಲಿ ಮೊದಲು ಮಾತಾಡಿದ್ದು ಯಾರು? ಏಳನೇ ತಿಂಗಳು ಅಪ್ಪ ಏನಂದ? ಬರೆಯಲು ಅವಳ ಒಪ್ಪಿಗೆ ತೆಗೆದುಕೊಳ್ಳಿ. ಹೆಸರು ಬೇಡ, ಊರೂ ಬೇಡ. ಸರ್ಕಾರದಲ್ಲಿ ನೋಂದಣಿ ಇಲ್ಲದೆ ಮನೆಗಳಲ್ಲಿ ಸೇರುವ ಸಭೆಗೆ ಹೋಗುವವಳಾದರೆ ಅವಳಿಗೆ ತೊಂದರೆ ಆಗಬಹುದು.

ಮೂರು ಪುಟ ಸಾಕು. ಚಿಂಗ್‌ಮಿಂಗ್ ಬರುವುದು ಏಪ್ರಿಲ್ ಮೊದಲ ವಾರದಲ್ಲಿ, ಆ ತಿಂಗಳ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಫೆಬ್ರವರಿ ಮುಗಿಯುವುದರೊಳಗೆ ಕಳಿಸಿ.