ಜರ್ಮನ್ ಮ್ಯಾನೇಜರ್ ಮನೆಗೆ ಬೆಳ್ಳಿ ದೀಪ ಒಯ್ಯಬಹುದೇ?

ನೀವು ಕೇಳಿದ್ದು ಇಷ್ಟು: ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದೀರಿ. ಅಲ್ಲಿನ ಮ್ಯಾನೇಜರ್ ಊಟಕ್ಕೆ ಮನೆಗೆ ಕರೆದಿದ್ದಾರೆ. ಅವರಿಗೆ ಒಂದು ಜೊತೆ ಬೆಳ್ಳಿ ದೀಪ ಕೊಡುವ ಮನಸ್ಸಿದೆ. ಅಲ್ಲಿಂದ ಪ್ಯಾರಿಸ್‌ಗೂ ವಾರ್ಸಾಗೂ ಹೋಗಿ ಸ್ನೇಹಿತರನ್ನು ನೋಡಿ ಬರುತ್ತೀರಿ. ಎಲ್ಲಿ ಏನು ಕೊಡಬಾರದು ಅಂತ ಗೊತ್ತಾಗಬೇಕು.

ನಾನು ಸ್ಟಟ್‌ಗಾರ್ಟ್ ಹತ್ತಿರ ಬಹಳ ವರ್ಷಗಳಿಂದ ಇದ್ದೇನೆ. ಬೆಳ್ಳಿ ದೀಪ ದಯವಿಟ್ಟು ಬೇಡ. ನಮ್ಮಲ್ಲಿ ಕೈತುಂಬ ಕೊಟ್ಟರೆ ಮರ್ಯಾದೆ. ಇಲ್ಲಿ ಮೊದಲ ಸಲ ಬಂದವರು ದುಬಾರಿ ವಸ್ತು ಕೈಗಿಟ್ಟರೆ ಮನೆಯವರಿಗೆ ಇರಿಸುಮುರಿಸಾಗುತ್ತದೆ. ಇದಕ್ಕೆ ಸಮವಾಗಿ ನಾವೇನು ಕೊಡಬೇಕು, ಇವರು ನಮ್ಮಿಂದ ಏನು ಬಯಸುತ್ತಿದ್ದಾರೆ ಅಂತ ಯೋಚನೆ ಶುರುವಾಗುತ್ತದೆ. ಕೊಡುವವರು ಕೈಕೆಳಗೆ ಕೆಲಸ ಮಾಡುವವರಾದರೆ ಇನ್ನೂ ಕಷ್ಟ. ಇಲ್ಲಿ ಕಂಪನಿಗಳು ವ್ಯವಹಾರದ ಉಡುಗೊರೆಯನ್ನು ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ತೋರಿಸುವುದಕ್ಕೆ ಒಬ್ಬರಿಗೆ ವರ್ಷಕ್ಕೆ 50 ಯೂರೋ ಮಿತಿ ಇದೆ. 2024ಕ್ಕೆ ಮುಂಚೆ ಅದು 35 ಇತ್ತು. ಎಷ್ಟು ಕೊಟ್ಟರೆ ಜಾಸ್ತಿ ಅಂತ ಇವರು ಯೋಚಿಸುವುದು ಈ ಅಳತೆಯಲ್ಲಿ.

ಸರ್ಕಾರಿ ನೌಕರರ ವಿಷಯದಲ್ಲಂತೂ ತುಂಬಾ ಬಿಗಿ. ಬರ್ಲಿನ್‌ನಲ್ಲಿ ಒಬ್ಬ ಶಿಕ್ಷಕಿಗೆ ತರಗತಿಯ ಮಕ್ಕಳ ಪೋಷಕರು ದುಡ್ಡು ಕೂಡಿಸಿ ಸುಮಾರು 200 ಯೂರೋ ಬೆಲೆಯ ಉಡುಗೊರೆ ಕೊಟ್ಟಿದ್ದರು. ಅದನ್ನು ತೆಗೆದುಕೊಂಡ ತಪ್ಪಿಗೆ ಆಕೆ 4,000 ಯೂರೋ ಕಟ್ಟಬೇಕಾಯಿತು. 2015ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಇದು. ಮಗುವನ್ನು ಇಲ್ಲಿ ಶಾಲೆಗೆ ಸೇರಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆಲ್ಲ ನಾನು ಇದನ್ನು ತಪ್ಪದೆ ಹೇಳುತ್ತೇನೆ. ನಮ್ಮ ಪ್ರೀತಿಯಿಂದ ಪಾಪ ಅವರ ಕೆಲಸಕ್ಕೆ ಕುತ್ತು ಬರಬಾರದು, ಅಲ್ವಾ?

ಹಾಗಾಗಿ 15–20 ಯೂರೋ ಒಳಗಿನದು ಸಾಕು. ಚಾಕೊಲೇಟ್, ಹೂವು, ವೈನ್, ಊರಿನ ತಿಂಡಿ, ಇವುಗಳಲ್ಲಿ ಒಂದು. ತಿಂದು ಮುಗಿಯುವ, ಬಾಡಿ ಹೋಗುವ ವಸ್ತುವಾದರೆ ಯಾರಿಗೂ ಋಣದ ಭಾರ ಇರುವುದಿಲ್ಲ.

ದೀಪ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ದೀಪ, ಕಲಶ, ಅರಿಶಿನ ಕುಂಕುಮದ ಬಟ್ಟಲು, ಗಣಪತಿ ವಿಗ್ರಹದ ಮೇಲೆ ಎಷ್ಟೋ ಸಲ ಸ್ವಸ್ತಿಕ ಇರುತ್ತದೆ. ನಮ್ಮ ಕಣ್ಣಿಗೆ ಅದು ಎದ್ದು ಕಾಣುವುದೇ ಇಲ್ಲ. ಇಲ್ಲಿಯವರಿಗೆ ಮೊದಲು ಕಾಣುವುದೇ ಅದು. ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಡಳಿತ ಅದೇ ಆಕಾರವನ್ನು ಬಾವುಟದ ಮೇಲೆ ಹಾಕಿಕೊಂಡಿತ್ತು. ಜರ್ಮನಿಯ ದಂಡ ಸಂಹಿತೆಯ 86ಎ ಕಲಂ ನಾಜಿ ಗುರುತುಗಳ ಸಾರ್ವಜನಿಕ ಬಳಕೆಯನ್ನು ನಿಷೇಧಿಸಿದೆ. ನಮ್ಮ ಪೂಜೆಯ ಸ್ವಸ್ತಿಕ ಬೇರೆ, ನಿಜ. ಆದರೆ ಊಟದ ಮೇಜಿನ ಮುಂದೆ ಆ ವಿವರಣೆ ಕೊಡುವ ಸಂದರ್ಭವನ್ನು ನೀವೇ ಯಾಕೆ ತಂದುಕೊಳ್ಳಬೇಕು? ಪೊಟ್ಟಣದ ಕಾಗದ, ಸಿಹಿ ಡಬ್ಬದ ಮುಚ್ಚಳ ಕೂಡ ಒಮ್ಮೆ ತಿರುಗಿಸಿ ನೋಡಿ.

ಹೂವಿನ ವಿಷಯಕ್ಕೆ ಬರುತ್ತೇನೆ. ಪೋಲೆಂಡ್‌ನಲ್ಲಿ, ರಷ್ಯಾದಲ್ಲಿ, ಉಕ್ರೇನ್‌ನಲ್ಲಿ ಎಣಿಸಿ ಕೊಡಬೇಕು. ಬೆಸ ಸಂಖ್ಯೆ ಇರಬೇಕು, 3, 5, 7 ಹೀಗೆ. ಸಮ ಸಂಖ್ಯೆ ಸಾವಿನ ಮನೆಗೆ. ಅಮೆರಿಕದಲ್ಲಿ ಒಂದು ಡಜನ್ ಗುಲಾಬಿ ಅಂದರೆ ಪ್ರೀತಿಯ ಗುರುತು. ಅದೇ 12 ಹೂವನ್ನು ವಾರ್ಸಾದಲ್ಲಿ ಕೊಟ್ಟರೆ ಮನೆಯ ಅಜ್ಜಿ ಮೆಲ್ಲಗೆ ಒಂದನ್ನು ತೆಗೆದು ಬೇರೆ ಇಡಬಹುದು. 101, 501 ಅಂತ ಮುಯ್ಯಿ ಬರೆಸುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಪ್ಯಾರಿಸ್‌ಗೆ ಹೋಗುವುದು ಅಕ್ಟೋಬರ್ ಕೊನೆಯ ಹೊತ್ತಿಗಾದರೆ ಹುಷಾರು. ಅಂಗಡಿಗಳ ಮುಂದೆ ಕುಂಡದಲ್ಲಿ ಸೇವಂತಿಗೆ ತುಂಬಿರುತ್ತದೆ. ಹಳದಿ, ಕೆಂಪು, ಬಿಳಿ, ನೋಡಿದರೆ ದಸರಾ ನೆನಪಾಗಬೇಕು. ಅವು ನವೆಂಬರ್ 1ರಂದು ಸಮಾಧಿಗಳ ಮೇಲಿಡಲು ಬಂದ ಹೂಗಳು. ಫ್ರಾನ್ಸ್, ಬೆಲ್ಜಿಯಂ, ಇಟಲಿ, ಪೋಲೆಂಡ್ ಎಲ್ಲ ಕಡೆ ಸೇವಂತಿಗೆ ಸತ್ತವರ ಹೂವು. ನಾವು ದೇವರಿಗೆ ಏರಿಸಿ, ತಲೆಗೆ ಮುಡಿಯುವ ಹೂವು ಅದು, ಆದರೂ ಅಲ್ಲಿ ಅದನ್ನು ಯಾರ ಮನೆಗೂ ಒಯ್ಯಬೇಡಿ. ಬಿಳಿ ಲಿಲ್ಲಿಯೂ ಬೇಡ. ಕೆಂಪು ಗುಲಾಬಿ ಪ್ರೇಮಿಗಳಿಗೆ ಬಿಡಿ. ಜರ್ಮನಿಯಲ್ಲಿ ಹೂವು ಕೊಡುವ ಮುಂಚೆ ಸುತ್ತಿದ ಕಾಗದ ತೆಗೆಯುವುದು ಹಳೆಯ ರೂಢಿ. ಬಾಗಿಲ ಹತ್ತಿರವೇ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ.

ಫ್ರಾನ್ಸ್‌ನಲ್ಲಿ ವೈನ್ ಒಯ್ಯುವುದಕ್ಕೆ ನಾನು ಹಿಂಜರಿಯುತ್ತೇನೆ. ಅಂದಿನ ಅಡುಗೆಗೆ ಹೊಂದುವ ವೈನನ್ನು ಮನೆಯವರು ಆಗಲೇ ಆರಿಸಿ ಇಟ್ಟಿರುತ್ತಾರೆ. ಒಳ್ಳೆಯ ಚಾಕೊಲೇಟ್ ಒಯ್ಯಿರಿ. ಚಾಕು ಕತ್ತರಿ ಯಾವ ದೇಶದಲ್ಲೂ ಬೇಡ, ಸ್ನೇಹ ಕತ್ತರಿಸುತ್ತದೆ ಅನ್ನುತ್ತಾರೆ. ಕೊಟ್ಟರೆ ಪಡೆದವರು ಒಂದು ನಾಣ್ಯ ಕೊಟ್ಟು ಕೊಂಡ ಹಾಗೆ ಮಾಡುತ್ತಾರೆ.

ಊರಿಂದ ಏನಾದರೂ ತರಲೇಬೇಕು ಅನ್ನಿಸಿದರೆ ನನ್ನ ಆಯ್ಕೆ ಎರಡು. ಮಕ್ಕಳಿದ್ದರೆ ಚನ್ನಪಟ್ಟಣದ ಗೊಂಬೆ. ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ಊರುಗಳಲ್ಲಿ ತಲೆಮಾರುಗಳಿಂದ ಮರದ ಆಟಿಕೆ ಮಾಡುತ್ತಾ ಬಂದ ದೇಶ ಇದು, ಅದರ ಬೆಲೆ ಇವರಿಗೆ ಗೊತ್ತು. ಪುಟ್ಟ ಮಗುವಾದರೆ ನುಂಗುವಷ್ಟು ಸಣ್ಣ ತುಂಡು ಇಲ್ಲದ್ದನ್ನು ನೋಡಿ ತನ್ನಿ. ದೊಡ್ಡವರಿಗೆ ಚಿಕ್ಕಮಗಳೂರಿನ ಕಾಫಿ. ಚಿಕೋರಿ ಬೆರೆಸದ ಪುಡಿ ಅಂತ ಕೇಳಿ ತೆಗೆದುಕೊಳ್ಳಿ. ಯುದ್ಧದ ಕಾಲದಲ್ಲಿ ಕಾಫಿ ಬೀಜ ಸಿಗದೆ ಚಿಕೋರಿ, ಹುರಿದ ಧಾನ್ಯ ಕುದಿಸಿ ಕುಡಿದ ನೆನಪು ಇಲ್ಲಿನ ಹಿರಿಯರ ಮನೆಗಳಲ್ಲಿ ಇನ್ನೂ ಇದೆ. ತುಪ್ಪ, ಖೋವಾ ತರಬೇಡಿ. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ತಡೆದಿದೆ. ಕರಿಬೇವು, ಮಾವಿನಹಣ್ಣಿಗೂ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ಬೇಡ.

ಕೊಟ್ಟದ್ದನ್ನು ಅವರು ನಿಮ್ಮ ಎದುರಿಗೇ ಬಿಚ್ಚಿ ನೋಡುತ್ತಾರೆ. ನಮ್ಮಲ್ಲಿ ಎತ್ತಿಟ್ಟು ಆಮೇಲೆ ನೋಡುವುದು ವಿನಯ. ಇಲ್ಲಿ ಬಿಚ್ಚದೆ ಪಕ್ಕಕ್ಕಿಟ್ಟರೆ ಇಷ್ಟವಾಗಲಿಲ್ಲವೇನೋ ಅನ್ನಿಸುತ್ತದೆ. ಅವರು ನಿಮಗೆ ಕೊಟ್ಟರೆ ನೀವೂ ಆಗಲೇ ಬಿಚ್ಚಿ. "ಅಯ್ಯೋ, ಇದೆಲ್ಲಾ ಯಾಕೆ, ಬೇಡ" ಅಂತ ಉಪಚಾರಕ್ಕೆ ಹೇಳಬೇಡಿ. ಒಂದು ಸಲ ಬೇಡ ಅಂದರೆ ಅದನ್ನು ನಿಜವೆಂದೇ ತಿಳಿಯುತ್ತಾರೆ.

ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆಯೂ ಶುಭಾಶಯ ಹೇಳಬೇಡಿ, ಜರ್ಮನ್ನರು ಅದನ್ನು ಅಪಶಕುನ ಅನ್ನುತ್ತಾರೆ. ತಡವಾಗಿ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಊಟ ಭಾನುವಾರ ಇದ್ದರೆ ಶನಿವಾರವೇ ಎಲ್ಲ ಕೊಂಡಿಡಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಮರೆತರೆ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ, ಅಲ್ಲಿ ಹೂವು, ಚಾಕೊಲೇಟ್ ಸಿಗುತ್ತವೆ. ಏಳು ಗಂಟೆಗೆ ಕರೆದಿದ್ದರೆ ಏಳಕ್ಕೇ ಬಾಗಿಲ ಬಳಿ ಇರಿ.