ಶಿಬಿರದಲ್ಲಿ ಕೊಟ್ಟುಬಿಟ್ಟ ಜಪಸರ

ಪ್ರಶ್ನೆ: ಫಾದರ್, ನನಗೀಗ 41 ವರ್ಷ, ಹುಟ್ಟಿನಿಂದ ಕಥೋಲಿಕಳು. ಹೋದ ತಿಂಗಳು ಹತ್ತು ದಿನದ ವಿಪಶ್ಯನ ಎಂಬ ಬೌದ್ಧ ಧ್ಯಾನದ ಶಿಬಿರ ಮುಗಿಸಿ ಬಂದೆ. ಸೇರುವಾಗಲೇ ಜಪಸರವನ್ನು ಅಲ್ಲಿಯವರ ಕೈಗೆ ಕೊಡಬೇಕಾಯಿತು. ಮೊದಲ ಸಂಜೆ ಎಲ್ಲರ ಜೊತೆ ನಾನೂ ‘ಬುದ್ಧಂ ಸರಣಂ ಗಚ್ಛಾಮಿ’ ಅಂದೆ. ಅಪ್ಪ ತೀರಿಕೊಂಡ ಮೇಲೆ ಇಷ್ಟು ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಆದರೆ ‘ನೀನು ಯೇಸುಸ್ವಾಮಿಯನ್ನು ಬಿಟ್ಟು ಬಂದೆ’ ಎಂದು ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಎರಡನ್ನೂ ಇಟ್ಟುಕೊಳ್ಳಬಹುದೆ? ಪಾಪನಿವೇದನೆಯಲ್ಲಿ ಇದನ್ನು ಹೇಳಬೇಕೆ?
– ಹೆಸರು ಬೇಡ

ಉತ್ತರ: ತಂಗೀ, ಜಪಸರ ಕೊಟ್ಟು ಒಳಗೆ ಹೋದವರಲ್ಲಿ ನಾನೂ ಒಬ್ಬ. ಗುರುದೀಕ್ಷೆಯಾಗಿ ಹದಿನಾಲ್ಕು ವರ್ಷ ಕಳೆದಿತ್ತು. ದಿನವೂ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಅರ್ಪಿಸುತ್ತಿದ್ದೆ, ಪ್ರಾರ್ಥನೆ ಮಾತ್ರ ನಾಲಿಗೆಯಿಂದ ಕೆಳಗಿಳಿಯುತ್ತಿರಲಿಲ್ಲ. ಶಿಬಿರದಲ್ಲಿ ಮೊದಲ ಮೂರು ದಿನ ಮೂಗಿನ ಹೊಳ್ಳೆಯಲ್ಲಿ ಉಸಿರು ಬಂದು ಹೋಗುವುದನ್ನಷ್ಟೇ ನೋಡಬೇಕು. ನಾನು ಶಾಲಿನೊಳಗೆ ಬೆರಳು ಮಡಚುತ್ತ ಮರಿಯಮ್ಮನವರ ಜಪ ಎಣಿಸುತ್ತಿದ್ದೆ! ಮೂರನೆಯ ದಿನ ಆಚಾರ್ಯರೆದುರು ಕೂತು ಒಪ್ಪಿಕೊಂಡೆ. ‘ಮನೆಗೆ ಹೋಗಿ ಜಪ ಮಾಡಿ, ಯಾರು ಬೇಡ ಅಂದರು? ಇಲ್ಲಿ ಎರಡನ್ನೂ ಕಲಸಿದರೆ ಯಾವುದರಿಂದ ಏನಾಯಿತು ಅಂತ ನಿಮಗೇ ತಿಳಿಯುವುದಿಲ್ಲ’ ಅಂದರು. ಆ ನಿಯಮ ನ್ಯಾಯವಾದದ್ದು ಅಂತ ಅವತ್ತೇ ಅನ್ನಿಸಿತು. ಅವರ ಮನೆಯಲ್ಲಿ ಹತ್ತು ದಿನ ಅವರ ರೀತಿ.

ನಾಲ್ಕನೆಯ ದಿನ ವಿಪಶ್ಯನ ಶುರುವಾಯಿತು. ನೆತ್ತಿಯಿಂದ ಅಂಗಾಲಿನವರೆಗೆ ಮೈಯಲ್ಲಿ ಏಳುವ ಸಂವೇದನೆಯನ್ನು ಬೇಕು-ಬೇಡ ಅನ್ನದೆ ನೋಡುವುದು. ನನ್ನ ಎದೆಯ ಎಡಗಡೆ ಒಂದು ಉರಿ ಸಿಕ್ಕಿತು. ಸತ್ತು ಒಂಬತ್ತು ವರ್ಷವಾಗಿದ್ದ ನನ್ನ ಅಣ್ಣನ ಮೇಲಿನ ಸಿಟ್ಟು ಅದು. ಅವನ ಆತ್ಮಕ್ಕಾಗಿ ಎಷ್ಟೋ ಪೂಜೆ ಅರ್ಪಿಸಿದ್ದೆ, ಸಿಟ್ಟು ಹಾಗೇ ಕೂತಿತ್ತೆಂಬುದು ಗೊತ್ತೇ ಇರಲಿಲ್ಲ. ಅಪ್ಪನ ಬಗ್ಗೆ ನೀವು ಬರೆದದ್ದನ್ನು ಓದಿದಾಗ ಆ ಮಧ್ಯಾಹ್ನ ನೆನಪಾಯಿತು.

ಹೀಗೆ ನೋಡುವುದು ನಮ್ಮವರಿಗೂ ಹೊಸದಲ್ಲ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್, ಮನಸ್ಸನ್ನು ಕಾಡುವ ಆಲೋಚನೆಗಳನ್ನು ಎಂಟು ಬಗೆಯಾಗಿ ಗುರುತಿಸಿದರು. ಅವು ಯಾವಾಗ ಏಳುತ್ತವೆ, ಯಾವಾಗ ಇಳಿಯುತ್ತವೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಗಮನಿಸಲು ಹೇಳಿದರು. ನಮ್ಮ ಕಾಲದಲ್ಲಿ ಜರ್ಮನಿಯ ಹ್ಯೂಗೋ ಲಸಾಲ್ ಇದ್ದರು, ಜೆಸ್ವಿತ್ ಎಂಬ ಕಥೋಲಿಕ ಸನ್ಯಾಸಿ ಸಂಘದ ಗುರು. 1945ರಲ್ಲಿ ಹಿರೋಶಿಮಾದ ಬಾಂಬಿನಲ್ಲಿ ಗಾಯಗೊಂಡು ಬದುಕಿದವರು. ಜಪಾನಿನಲ್ಲೇ ಉಳಿದು ಝೆನ್ ಎಂಬ ಬೌದ್ಧ ಧ್ಯಾನಪರಂಪರೆಯ ಗುರುಗಳ ಬಳಿ ಕಲಿತು, ಬೇರೆಯವರಿಗೂ ಕಲಿಸಿದರು. 1990ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರಿಸ್ತನ ಯಾಜಕರೇ.

ಅಕ್ಕನಿಗೆ ನಮ್ಮ ಕಥೋಲಿಕ ಧರ್ಮಸಭೆಯ ಮಾತು ಬೇಕಾದರೆ ಎರಡು ದಾಖಲೆಗಳಿವೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ 1989ರಲ್ಲಿ ಸಹಿ ಮಾಡಿದ ಪತ್ರ ಇನ್ನೂ ಹುಷಾರಾಗಿ ಮಾತಾಡುತ್ತದೆ. ಬೇರೆ ಧರ್ಮಗಳ ಧ್ಯಾನಪದ್ಧತಿ ಪ್ರಾರ್ಥನೆಗೆ ನೆರವಾಗಬಹುದು, ಆದರೆ ಮೈಮನಸ್ಸು ಹಗುರಾದದ್ದನ್ನೇ ಪವಿತ್ರಾತ್ಮರ ಸಾಂತ್ವನ ಎಂದುಕೊಳ್ಳುವುದು ತಪ್ಪು ಎನ್ನುತ್ತದೆ. ಆ ಎಚ್ಚರಿಕೆ ಕೇಳಿ ಕೆಲವರು ಮುಖ ಸಿಂಡರಿಸುತ್ತಾರೆ. ನನಗೆ ಅದು ತುಂಬ ಉಪಯೋಗಕ್ಕೆ ಬಂದಿದೆ.

ಏಕೆಂದರೆ ಎರಡೂ ಒಂದೇ ಅನ್ನುವವರ ಜೊತೆ ನನಗೆ ಹೋಗಲಾಗುವುದಿಲ್ಲ. ಬುದ್ಧರು ‘ನಾನು’ ಎಂಬ ನಿತ್ಯವಾದ ಆತ್ಮವಿಲ್ಲ ಎಂದರು, ಲೋಕವನ್ನು ಸೃಷ್ಟಿಸಿದ ದೇವರ ಮೇಲೆ ತಮ್ಮ ಮಾರ್ಗವನ್ನು ನಿಲ್ಲಿಸಲಿಲ್ಲ. ನಾವು ಒಬ್ಬರನ್ನು ‘ತಂದೆಯೇ’ ಎಂದು ಕರೆಯುತ್ತೇವೆ. ಶಿಬಿರದ ಮೌನದಲ್ಲಿ ನಾನು ಯಾರೊಡನೆಯೂ ಮಾತಾಡಲಿಲ್ಲ. ಆ ಸಿಟ್ಟು ಕರಗುವಾಗ ‘ಕ್ಷಮಿಸು’ ಅನ್ನಬೇಕು ಅನ್ನಿಸಿದಾಗ, ಅದನ್ನು ಹೇಳಲು ನನಗೆ ದೇವರೇ ಬೇಕಾದರು. ಈ ವ್ಯತ್ಯಾಸವನ್ನು ಮರೆಸಿದರೆ ಬುದ್ಧರಿಗೂ ಅನ್ಯಾಯ, ಯೇಸುವಿಗೂ ಅನ್ಯಾಯ.

ಶರಣಂ ವಿಷಯ. ಅದು ಬುದ್ಧ ಎಂಬ ವ್ಯಕ್ತಿಗಲ್ಲ, ಬೋಧಿಯ, ಅಂದರೆ ಜ್ಞಾನೋದಯದ, ಗುಣಕ್ಕೆ ಶರಣು ಎಂದು ಆ ಪರಂಪರೆಯವರು ವಿವರಿಸುತ್ತಾರೆ. ನನಗೆ ಆ ವಿವರಣೆ ಪೂರ್ತಿ ಸಾಲಲಿಲ್ಲ. ಬೌದ್ಧರು ಪ್ರಾಣಕ್ಕಿಂತ ಹೆಚ್ಚಾಗಿ ಕಂಡ ಮಾತನ್ನು ನಾನು ಬರೀ ಬಾಯಲ್ಲಿ ಹೇಳಬಾರದಿತ್ತು. ಎರಡನೆಯ ಸಲ ಹೋದಾಗ ಆಚಾರ್ಯರಿಗೆ ಮೊದಲೇ ತಿಳಿಸಿ ಸುಮ್ಮನೆ ಕೂತೆ. ನಿಮ್ಮದು ಗೊತ್ತಿಲ್ಲದೆ ಆದದ್ದು, ಪಾಪವೆಂದು ನಾನು ಎಣಿಸುವುದಿಲ್ಲ. ಮನಸ್ಸು ಚುಚ್ಚುತ್ತಿದ್ದರೆ ಪಾಪನಿವೇದನೆಯಲ್ಲಿ ಹೇಳಿ ಹಗುರಾಗಿ, ಅದರಲ್ಲಿ ನಷ್ಟವೇನೂ ಇಲ್ಲ.

ದಿನದ ಅಭ್ಯಾಸ ಬಿಡಬೇಡಿ. ನಾನು ಬೆಳಿಗ್ಗೆ ಅರ್ಧ ಗಂಟೆ ಉಸಿರಿನೊಂದಿಗೆ ಕೂತು, ಎದ್ದು ಮುಖ ತೊಳೆದು, ಆಮೇಲೆ ಬೈಬಲ್ ತೆರೆಯುತ್ತೇನೆ. ನಡುವೆ ಆ ಮುಖ ತೊಳೆಯುವುದು ಬೇಕು. ಭಾನುವಾರದ ಪೂಜೆಗೆ ಹೋಗಲು ಬೇಸರವಾಗತೊಡಗಿದರೆ, ಧ್ಯಾನದ ಸುಖವೇ ಸಾಕು ಅನ್ನಿಸಿದರೆ, ಆಗ ಬರೆಯಿರಿ.

ಅಕ್ಕನ ಜೊತೆ ವಾದ ಬೇಡ. ಅಪ್ಪ ಹೋದದ್ದು ಅವರಿಗೂ ತಾನೆ? ಒಂದು ಸಂಜೆ ಅವರ ಮನೆಗೆ ಹೋಗಿ ಅಪ್ಪನಿಗಾಗಿ ಇಬ್ಬರೂ ಕೂತು ಜಪಸರ ಹೇಳಿ. ಅದನ್ನು ವಾಪಸು ಪಡೆದ ದಿನ ಕೈಯಲ್ಲಿ ಹಿಡಿದಾಗ ನಿಮಗೆ ಹೇಗನ್ನಿಸಿತು ಎಂದು ನೀವು ಬರೆದಿಲ್ಲ. ಅದನ್ನು ತಿಳಿಯಲು ನನಗೆ ಆಸೆಯಿದೆ.